ಎರಡನೆಯ ಸಲ ಕೇಳದ ದೇಶ

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲು ಬೇಡ ಎನ್ನಬೇಕು. ಇದನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಅಮ್ಮನ ಸೆರಗು ಹಿಡಿದು ಮುತ್ತಿನಕೊಪ್ಪದ ನಾಲ್ಕು ಮನೆ ತಿರುಗಿದ್ದರಲ್ಲೇ ಬಂದುಬಿಟ್ಟಿತು. "ಕಾಫಿ ಕುಡೀರಿ" ಎಂದರೆ "ಬೇಡ, ಈಗಷ್ಟೇ ಆಯ್ತು" ಎನ್ನಬೇಕು. "ಒಂದು ಗುಟುಕು ಕುಡೀರಿ ಮಾರಾಯ್ರೆ" ಎಂದರೆ "ಅಯ್ಯೋ, ಸುಮ್ನೆ ನಿಮಗೆ ತೊಂದರೆ" ಎನ್ನಬೇಕು. ಅಷ್ಟು ಹೊತ್ತಿಗೆ ಒಳಗೆ ಹಾಲು ಕಾದಿರುತ್ತದೆ, ಮೂರನೆಯ ಮಾತಿಗೆ ಲೋಟ ಕೈಗೆ ಬಂದಿರುತ್ತದೆ. ಮೊದಲ ಸಲಕ್ಕೇ ಹೂಂ ಎಂದವರನ್ನು ಊರು ಊಟ ಕಾಣದವರು ಎಂದು ಆಡಿಕೊಳ್ಳುತ್ತದೆ. ಬೇಡ ಎಂದದ್ದನ್ನು ನಂಬಿ ಸುಮ್ಮನಾದ ಮನೆಯವರ ವಿಷಯವನ್ನಂತೂ ಮೂರು ತಲೆಮಾರು ಮರೆಯುವುದಿಲ್ಲ.

ಈ ಮರ್ಯಾದೆ ನನ್ನ ಬದುಕಿನಲ್ಲಿ ಎರಡು ಸಲ ಅಡ್ಡ ಬಂತು. ಮೊದಲನೆಯ ಸಲದ್ದನ್ನು ನೆನೆದು ಈಗ ನಗುತ್ತೇನೆ.

ಶಿವಮೊಗ್ಗದಲ್ಲಿ ನರ್ಸಿಂಗ್ ಮುಗಿಸಿ ನಾನು ಕೊಪ್ಪದ ಒಂದು ಚಿಕ್ಕ ನರ್ಸಿಂಗ್ ಹೋಮಿಗೆ ಸೇರಿದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ಅದನ್ನು ನಡೆಸುತ್ತಿದ್ದವರು ಒಬ್ಬ ಲೇಡಿ ಡಾಕ್ಟರು. ಬಾಯಿ ಜೋರು, ಕೈ ಮೆದು. ಹೆರಿಗೆ, ಜ್ವರ, ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಹೀಗೆ ಎಲ್ಲವೂ ಅಲ್ಲಿಗೇ ಬರುತ್ತಿತ್ತು. ಗದ್ದೆ ಮನೆಯ ಹುಡುಗಿ ನರ್ಸ್ ಆದಳು ಎನ್ನುವುದು ನಮ್ಮ ನೆಂಟರಿಗೆ ಹಿಡಿಸಿರಲಿಲ್ಲ. "ಬೇರೆ ಎಂಥದೂ ಸಿಗಲಿಲ್ವಾ ನಿಂಗೆ?" ಎಂದು ಮದುವೆ ಮನೆಯ ಪಂಕ್ತಿಯಲ್ಲೇ ಕೇಳಿದ ಚಿಕ್ಕಪ್ಪ, ಮರು ವರ್ಷ ಹೊಟ್ಟೆ ಹಿಡಿದುಕೊಂಡು ಬಂದು ಅಡ್ಮಿಟ್ ಆದ. "ನಮ್ಮ ಹುಡುಗೀನೇ ಇದಾಳೆ, ಹೆದರಿಕೆ ಇಲ್ಲ" ಎಂದು ವಾರ್ಡಿಗೆಲ್ಲ ಸಾರಿದ. ಇಂಜೆಕ್ಷನ್ನನ್ನು ಸ್ವಲ್ಪ ಜೋರಾಗಿಯೇ ಚುಚ್ಚಿದೆ.

ನಾನು ಸೇರಿದ ವಾರವೇ ಇನ್ನೊಬ್ಬಳು ಸೇರಿದಳು, ಶೃಂಗೇರಿ ತಾಲೂಕಿನ ಬೇಗಾರಿನವಳು. ತೋಟದ ಮನೆಯ ಹುಡುಗಿ. ಉದ್ದ ಜಡೆ, ಅದಕ್ಕಿಂತ ಉದ್ದ ನಾಲಿಗೆ. ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯನ್ನು ಇಬ್ಬರೂ ಸೇರಿ ಬಾಡಿಗೆಗೆ ಹಿಡಿದೆವು. ಕೆಳಗೆ ಹೊಲಿಗೆ ಮಷಿನ್ ಶುರುವಾದರೆ ನಮ್ಮ ನೆಲ ಗುಂಯ್ ಎನ್ನುತ್ತಿತ್ತು. ನೈಟ್ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುವವರಿಗೆ ಅದೇ ಜೋಗುಳ. ಅವಳು ಮನೆಗೆ ಫೋನ್ ಮಾಡಿದರೆ "ಎಂತ ಮಾಡ್ತಿದ್ದೆ ಅಮ್ಮಾ, ನಾ ಶನಿವಾರ ಬತ್ತೆ" ಎಂದು ಅವರ ಮನೆಮಾತಿನಲ್ಲಿ ರಾಗ ಎಳೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು "ಬತ್ತೆ, ಬತ್ತೆ" ಎಂದು ಅಣಕಿಸುತ್ತಿದ್ದೆ. ಸಿಟ್ಟು ಮಾಡುವವಳಲ್ಲ. ಫೋನ್ ಇಟ್ಟ ಮೇಲೆ ನನ್ನ ಮಾತನ್ನು ಅದಕ್ಕಿಂತ ಚೆನ್ನಾಗಿ ಅಣಕಿಸುತ್ತಿದ್ದಳು.

ಉಪಚಾರದಲ್ಲಿ ನಮ್ಮ ಮನೆ ಎಲ್.ಕೆ.ಜಿ. ಆದರೆ ಅವರ ಮನೆ ಕಾಲೇಜು. ಮೊದಲ ಸಲ ಬೇಗಾರಿಗೆ ಹೋದಾಗ ಅವಳ ಅಮ್ಮ ಹಲಸಿನ ಹಣ್ಣಿನ ಕಡುಬು ಮಾಡಿದ್ದರು. ನಾನು ಪದ್ಧತಿಯ ಹಾಗೆ ಬೇಡ ಬೇಡ ಎನ್ನುತ್ತಾ ತಿಂದೆ. ಆಮೇಲೆ ನಿಜವಾಗಿಯೇ ಸಾಕಾಯಿತು. ಸಾಕು ಎಂದೆ. ನಂಬಲಿಲ್ಲ. ಕೈ ಅಡ್ಡ ಹಿಡಿದೆ. ಬೆರಳ ಸಂದಿಯಿಂದ ತುಪ್ಪ ಸುರಿದರು. ಶೃಂಗೇರಿಯಿಂದ ಕೊಪ್ಪಕ್ಕೆ ಬರುವ ಬಸ್ಸಿನಲ್ಲಿ ತಿರುವು ತಿರುವಿಗೂ ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಅವಳು ನನ್ನ ಹಣೆ ಹಿಡಿದುಕೊಂಡು ನಗುತ್ತಿದ್ದಳು. "ನಮ್ಮಲ್ಲಿ ನಿಜವಾಗ್ಲೂ ಸಾಕಾದ್ರೆ ಬಾಳೆಲೆ ಮೇಲೆ ಅಡ್ಡ ಮಲ್ಕಂಬೂದು ಒಂದೇ ದಾರಿ" ಎಂದಳು.

ಹೊರದೇಶದ ಹುಳವನ್ನು ತಲೆಗೆ ಬಿಟ್ಟವಳು ಶಿವಮೊಗ್ಗದಲ್ಲಿ ನನಗಿಂತ ಮುಂದೆ ಓದಿದ ಒಬ್ಬ ಸೀನಿಯರ್. ನ್ಯೂಜಿಲೆಂಡಿಗೆ ಓದಲು ಹೋಗಿದ್ದಳು. ಇ-ಮೇಲ್ ಬರೆದಳು. ಅಲ್ಲಿ ಕೋರ್ಸ್ ಮುಗಿಸಿದರೆ ಕೆಲಸ ಹುಡುಕಲು ಕೆಲವು ತಿಂಗಳ ಪರ್ಮಿಟ್ ಕೊಡುತ್ತಾರೆ, ಕೆಲಸ ಸಿಕ್ಕರೆ ವರ್ಕ್ ಪರ್ಮಿಟ್, ಕೆಲವು ವರ್ಷ ಆದರೆ ಅಲ್ಲೇ ಖಾಯಂ. ಕೊಪ್ಪದ ಇಂಟರ್ನೆಟ್ ಸೆಂಟರಿನಲ್ಲಿ ಆ ಪುಟ ಅರ್ಧ ತೆರೆಯುವಷ್ಟರಲ್ಲಿ ನಾವು ಅಲ್ಲಿನ ಕುರಿಗಳನ್ನು, ಹಸಿರು ಗುಡ್ಡಗಳನ್ನು ನೋಡಿ ಮುಗಿಸಿದ್ದೆವು. "ಇದೆಂತ, ನಮ್ಮ ಕುದುರೆಮುಖಕ್ಕೆ ಕುರಿ ಬಿಟ್ಟಾಂಗೆ ಇದ್ದಲೆ" ಎಂದಳು ಬೇಗಾರಿನವಳು. ಅಂದೇ ತೀರ್ಮಾನವಾಯಿತು. ಹೋದರೆ ಇಬ್ಬರೂ, ಇಲ್ಲದಿದ್ದರೆ ಒಬ್ಬಳೂ ಇಲ್ಲ.

ವಿಷಯ ಹೊರಗೆ ಬಿದ್ದದ್ದೇ ತಡ, ಕೊಪ್ಪದಲ್ಲಿ ಎಲ್ಲರೂ ವೀಸಾ ಪಂಡಿತರಾದರು. ಎನ್.ಆರ್. ಪುರದ ಕಡೆಯ ಕೆಲವು ಮನೆಗಳಿಂದ ಆಗಲೇ ನರ್ಸ್ ಹುಡುಗಿಯರು ಗಲ್ಫಿಗೆ, ಇಂಗ್ಲೆಂಡಿಗೆ ಹೋಗಿದ್ದರು. ಆ ಕಥೆಗಳೆಲ್ಲ ನಮ್ಮ ಕಿವಿಗೆ ಬಂದು ಬಿದ್ದವು. ಮೆಡಿಕಲ್ ಶಾಪಿನವರು ಗಲ್ಫೇ ಒಳ್ಳೆಯದು ಎಂದರು, ಹೋಗುವುದು ಸುಲಭ, ಬರುವುದೂ ಸುಲಭ. ಬಸ್ ಕಂಡಕ್ಟರ್ ಇಂಗ್ಲೆಂಡಿಗೆ ಹೋಗಿ ಎಂದ, ಅವನ ಅತ್ತಿಗೆಯ ತಂಗಿ ಅಲ್ಲಿದ್ದಾಳಂತೆ. ಡಾಕ್ಟರು ಮಾತ್ರ ಕೇಸ್ ಶೀಟಿನಿಂದ ತಲೆ ಎತ್ತದೆ "ದೂರದ ಬೆಟ್ಟ ನುಣ್ಣಗೆ. ಆದ್ರೂ ಹೋಗಿ. ನನಗೆ ಅವಕಾಶ ಇದ್ದಾಗ ನಾನು ಹೋಗಲಿಲ್ಲ, ಈಗಲೂ ಅದನ್ನೇ ಯೋಚನೆ ಮಾಡ್ತೀನಿ" ಎಂದರು. ಅವರು ಅಂಥ ಮಾತು ಆಡಿದ್ದು ಅದೊಂದೇ ಸಲ.

ಇಂಗ್ಲಿಷ್ ಪರೀಕ್ಷೆಗೆ ಓದಬೇಕಿತ್ತು. ಓದಿದ್ದನ್ನು ಆಡಿ ಅಭ್ಯಾಸ ಮಾಡಲು ನಮಗೆ ಸಿಕ್ಕವರು ರೋಗಿಗಳು. ಬಸರೀಕಟ್ಟೆಯ ಎಸ್ಟೇಟಿನಿಂದ ಬಂದಿದ್ದ ಒಬ್ಬ ಮುದುಕಿಯ ಹಾಸಿಗೆಯ ಆಚೆ ಈಚೆ ನಿಂತು ನಾವಿಬ್ಬರೂ "ಆರ್ ಯು ಕಂಫರ್ಟಬಲ್? ಡು ಯು ಹ್ಯಾವ್ ಎನಿ ಪೇನ್?" ಎಂದು ಕೇಳುತ್ತಿದ್ದೆವು. ಆಕೆ ಎರಡು ದಿನ ಸಹಿಸಿದಳು. ಮೂರನೆಯ ದಿನ ಡಾಕ್ಟರ ಹತ್ತಿರ "ಈ ಕೂಸುಗಳಿಗೆ ಏನೋ ಆಗಿದೆ, ನನ್ನ ಆಮೇಲೆ ನೋಡಿ, ಮೊದಲು ಇವರನ್ನ ನೋಡಿ" ಎಂದು ದೂರು ಕೊಟ್ಟಳು. ಆ ದಿನಗಳಲ್ಲಿ ನಕ್ಕಷ್ಟು ನಾನು ಮತ್ತೆ ಯಾವತ್ತೂ ನಕ್ಕಿಲ್ಲ. ಡ್ಯೂಟಿ ಮುಗಿಸಿ ಮೇಲಿನ ಪೇಟೆಯಲ್ಲಿ ಗೋಳಿಬಜೆ ತಿನ್ನುತ್ತಾ, ಹೋಗುವ ದೇಶದಲ್ಲಿ ಒಂದೇ ಕೋಣೆ ಹಿಡಿಯುವುದೋ ಎರಡೋ ಎಂದು ಜಗಳ ಆಡುತ್ತಿದ್ದೆವು. ಅವಳಿಗೆ ಎರಡು ಬೇಕಿತ್ತು, ನನ್ನ ಗೊರಕೆಗೆ ಹೆದರಿ.

ಪರೀಕ್ಷೆ ಇಬ್ಬರಿಗೂ ಆಯಿತು. ಅಲ್ಲಿನ ಒಂದು ಕಾಲೇಜಿಗೆ ಅರ್ಜಿ ಹಾಕಿದೆವು. ಕೊನೆಗೆ ಉಳಿದದ್ದು ಫೋನಿನ ಇಂಟರ್ವ್ಯೂ. ಡಾಕ್ಟರು ತಮ್ಮ ಕೋಣೆಯನ್ನೂ ಲ್ಯಾಂಡ್‌ಲೈನನ್ನೂ ಬಿಟ್ಟುಕೊಟ್ಟು, ಬಾಗಿಲ ಹೊರಗೆ ತಾವೇ ಕಾವಲು ನಿಂತರು.

ಮೊದಲು ಬೇಗಾರಿನವಳ ಸರದಿ, ನಾನೂ ಪಕ್ಕದಲ್ಲೇ ರಿಸೀವರಿಗೆ ಕಿವಿ ತಾಗಿಸಿ ನಿಂತಿದ್ದೆ. ಲೈನ್ ಎಂದರೆ ಲೈನೇ ಅಲ್ಲ, ಹಂಚಿನ ಮೇಲೆ ಒಗ್ಗರಣೆ ಹಾಕಿದ ಸದ್ದು. ಆ ಕಡೆಯ ಹೆಂಗಸು ಕೇಳುವ ಪ್ರತಿ ಪ್ರಶ್ನೆಗೂ ಇವಳು "ಪಾರ್ಡನ್? ಪಾರ್ಡನ್ ಮೇಡಂ?" ಎಂದು ಕಿರುಚುತ್ತಿದ್ದಳು. ಕೊನೆಯ ಪ್ರಶ್ನೆ ಮುಖ್ಯವಾದದ್ದು. ಕಾಲೇಜಿಗೆ ಸೇರಿದ ಒಂದು ವೃದ್ಧರ ಆಸ್ಪತ್ರೆ ದೂರದ ಸಣ್ಣ ಊರಿನಲ್ಲಿತ್ತು. ಕೋರ್ಸ್ ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಇಷ್ಟವಿದೆಯೇ ಎಂದು ಕೇಳುತ್ತಿದ್ದರು. ಇವಳು ಮೊದಲ ಸಲಕ್ಕೆ "ನೋ ಮೇಡಂ, ಪರವಾಗಿಲ್ಲ" ಎಂಬರ್ಥದ ಏನೋ ಒಂದನ್ನು ಅಂದಳು. ಅದು ಆ ಕಡೆ ಮುಟ್ಟಲೇ ಇಲ್ಲ. ಮತ್ತೆ ಕೇಳಿದರು. ಇವಳು ಪುನಃ ಸಂಕೋಚಪಟ್ಟಳು. ಅದೂ ಗುರುಗುರು ಸದ್ದಿನಲ್ಲಿ ಹೋಯಿತು. ಮೂರನೆಯ ಸಲ ಕೇಳಿದಾಗ ಲೈನ್ ಸರಿಯಾಗಿ "ಯೆಸ್ ಮೇಡಂ, ವೆರಿ ಹ್ಯಾಪಿ ಮೇಡಂ" ಎನ್ನುವುದು ಮಾತ್ರ ಸಮುದ್ರ ದಾಟಿತು.

ನನ್ನ ಸರದಿಗೆ ಲೈನ್ ಕನ್ನಡಿಯ ಹಾಗಿತ್ತು. ಆ ಹೆಂಗಸು ಉಸಿರು ಎಳೆದುಕೊಂಡದ್ದೂ ಕೇಳುತ್ತಿತ್ತು. ಎಲ್ಲದಕ್ಕೂ ಚೆನ್ನಾಗಿಯೇ ಉತ್ತರ ಕೊಟ್ಟೆ. ಕೊನೆಗೆ ಅದೇ ಪ್ರಶ್ನೆ. ಓದಿ ಮುಗಿಸಿದ ಮೇಲೆ ನಮ್ಮ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತೀಯಾ? ಎಂಥ ದೊಡ್ಡ ಮನಸ್ಸು ಇವರದ್ದು ಎನಿಸಿತು. ಇನ್ನೂ ಒಳಗೆ ಕಾಲಿಟ್ಟಿಲ್ಲ, ಆಗಲೇ ಊಟಕ್ಕೆ ಏಳಿ ಎನ್ನುತ್ತಿದ್ದಾರೆ. ತಟ್ಟನೆ ಹೂಂ ಎಂದರೆ ಏನು ತಿಳಿದುಕೊಂಡಾರು?

"ನೋ ನೋ, ಇಟ್ಸ್ ಓಕೆ ಮೇಡಂ" ಎಂದೆ, ಬಹಳ ವಿನಯದಿಂದ.

ಇನ್ನೊಮ್ಮೆ ಕೇಳುತ್ತಾರೆ ಎಂದು ಕಾದೆ. ಎರಡನೆಯ ಸಲಕ್ಕೆ ಏನು ಹೇಳಬೇಕು, ಮೂರನೆಯದಕ್ಕೆ ಹೇಗೆ ಒಪ್ಪಬೇಕು, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಆ ಹೆಂಗಸು "ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್, ಶುಭವಾಗಲಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನ್ ಇಟ್ಟರು. ಬೇಗಾರಿನವಳು ನನ್ನ ತೋಳು ಚಿವುಟಿದಳು, ಆದರೆ ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳಿಗೆ ಸೀಟು ಬಂತು. ನನಗೆ ಬರಲಿಲ್ಲ. ಕೋರ್ಸ್ ಮುಗಿಸಿ ತಮ್ಮಲ್ಲೇ ಕೆಲಸ ಮಾಡಲು ಒಪ್ಪಿದವರಿಗೆ ಮೊದಲ ಆದ್ಯತೆ ಕೊಟ್ಟಿದ್ದೇವೆ ಎಂದು ಇ-ಮೇಲಿನಲ್ಲಿ ಮರ್ಯಾದೆಯಿಂದ ಬರೆದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಂಟರ್ನೆಟ್ ಸೆಂಟರಿನ ಮೆಟ್ಟಿಲು ಇಳಿಯುವಾಗ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಎಂಥ ಹೊಟ್ಟೆಕಿಚ್ಚೆಂದರೆ, ಅವಳ ಮುಖ ನೋಡಲಾಗದೆ ಮುಂದೆ ಮುಂದೆ ನಡೆದೆ. ಅವಳು ಹಿಂದಿನಿಂದ ಓಡಿಬಂದಳು.

"ನಾ ಹೋಗೂದಿಲ್ಲೆ."

"ಯಾಕೆ?"

"ಇಬ್ರೂ ಅಂತ ಮಾತಾಗಿತ್ತಲೆ."

"ಹುಚ್ಚು ಹಿಡಿದಿದೆಯಾ ಮಾರಾಯ್ತಿ ನಿಂಗೆ?" ಎಂದು ಪೇಟೆಯ ನಡುವೆಯೇ ಕೂಗಿದೆ. "ನನ್ನ ಬಾಯಿಗೆ ನೀನ್ಯಾಕೆ ದಂಡ ಕಟ್ತೀಯ? ಸುಮ್ನೆ ಹೋಗು."

ಹೀಗೆ ಅವಳು ಬೇಡ ಎಂದಳು, ನಾನು ಹೋಗು ಎಂದೆ. ಕೋಣೆಗೆ ಬಂದ ಮೇಲೂ ಬೇಡ ಎಂದಳು, ನಾನು ಹೋಗು ಎಂದೆ. ಮರುದಿನ ವಾರ್ಡಿನಲ್ಲಿ ಗ್ಲೂಕೋಸ್ ಬಾಟಲಿ ಬದಲಾಯಿಸುತ್ತಾ ಮತ್ತೊಂದು ಸುತ್ತು ಆಯಿತು. ಆಮೇಲೆ ಒಪ್ಪಿದಳು. ಅವಳಿಗೆ ಹೋಗಬೇಕೆಂದು ಎಷ್ಟು ಆಸೆ ಇತ್ತು ಎನ್ನುವುದು ನನಗೆ ಗೊತ್ತಿತ್ತು. ನಾನು ಒತ್ತಾಯ ಮಾಡದೆ ಇದ್ದರೆ ನಿಜವಾಗಿಯೂ ಹೋಗುತ್ತಿರಲಿಲ್ಲ ಎನ್ನುವುದೂ ಗೊತ್ತಿತ್ತು.

ಅವಳು ಹೊರಟದ್ದು ಬೆಳಗಿನ ಶಿವಮೊಗ್ಗ ಬಸ್ಸಿಗೆ. ಅವಳ ಅಪ್ಪ ಮುಂದಿನ ಸೀಟಿನಲ್ಲಿ ಸೂಟ್‌ಕೇಸನ್ನು ತಬ್ಬಿಕೊಂಡು ಕೂತಿದ್ದರು. ನಾವಿಬ್ಬರು ಹಿಂದೆ. ನಾನು ರಜೆ ಹಾಕಿ ಮುತ್ತಿನಕೊಪ್ಪದವರೆಗೆ ಜೊತೆಗೆ ಹೋದೆ. ಎನ್.ಆರ್. ಪುರದಲ್ಲಿ ಬಸ್ ಟೀಗೆ ನಿಂತಾಗ ಇಬ್ಬರೂ ಇಳಿಯಲಿಲ್ಲ. ಮಾತಾಡುವುದು ಬಹಳ ಇತ್ತು, ಆದರೆ ಸ್ವೆಟರ್ ಹಾಕಿಕೋ, ಸಾಂಬಾರ್ ಪುಡಿಯ ಡಬ್ಬಿ ಬಿಗಿಯಾಗಿ ಮುಚ್ಚು, ಇಂಥದ್ದನ್ನೇ ಹೇಳಿದೆ. ನಮ್ಮೂರಿನಲ್ಲಿ ಇಳಿದೆ. ಬಸ್ ಹೋಗುವವರೆಗೆ ನಿಲ್ಲಲಿಲ್ಲ, ಬೆನ್ನು ತಿರುಗಿಸಿ ಮನೆಯ ಕಡೆ ನಡೆದೆ. ಅಳುವುದನ್ನು ಅವಳು ನೋಡಬಾರದಿತ್ತು.

ಮರು ವರ್ಷ ನಾನೂ ಮತ್ತೆ ಅರ್ಜಿ ಹಾಕಬಹುದಿತ್ತು. ಅವಳು ಅಲ್ಲಿಂದ ಹೇಳಿದಳು, ಡಾಕ್ಟರೂ ಹೇಳಿದರು. ನಾನು ಹಾಕಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಒಂದು ಮಾತು ಕರೆದು ಸುಮ್ಮನಾದವರ ಮನೆ ಬಾಗಿಲಿಗೆ ಎರಡನೆಯ ಸಲ ಹೋಗುವವಳಲ್ಲ ನಾನು. ಈ ಸಿಟ್ಟಿನಿಂದ ನ್ಯೂಜಿಲೆಂಡಿಗೆ ಯಾವ ನಷ್ಟವೂ ಆಗಲಿಲ್ಲ.

ಭಾನುವಾರ ಅವಳ ಫೋನ್ ಬರುತ್ತಿತ್ತು. ಅಷ್ಟರಲ್ಲಿ ನನ್ನ ಕೈಗೆ ಮೊಬೈಲ್ ಬಂದಿತ್ತು. ಸಿಗ್ನಲ್ ಸಿಗುವುದು ಮಾತ್ರ ಟೈಲರ್ ಕಟ್ಟಡದ ತಾರಸಿಯ ಒಂದು ಮೂಲೆಯಲ್ಲಿ. ಬಟ್ಟೆ ಒಣಹಾಕುತ್ತಾ ಕಾಯುತ್ತಿದ್ದೆ. ಮೊದಲ ವಾರವೇ ಅವಳಿಗೆ ಪಾಠವಾಗಿತ್ತು. ಮನೆಯ ಒಡತಿ ಊಟ ಮಾಡುತ್ತೀಯಾ ಎಂದು ಕೇಳಿದಳಂತೆ, ಇವಳು ಬೇಡ ಎಂದಳಂತೆ.

"ಮುಚ್ಚಳ ಹಾಕೇ ಬಿಟ್ಟತು ಮಾರಾಯ್ತಿ! ಇನ್ನೊಂದು ಮಾತು ಬೇಡದಾ? ನಾ ಅವತ್ತು ಬಾಳೆಹಣ್ಣು ತಿಂದ್ಕಂಡು ಮಲಗಿದ್ದು."

ತಾರಸಿಯ ಮೇಲೆ ನಾನೊಬ್ಬಳೇ ಬಿದ್ದು ಬಿದ್ದು ನಕ್ಕೆ. ಆಮೇಲೆ ವಾರ್ಡಿನ ಕಥೆ ಬಂತು. ಒಬ್ಬ ಮುದುಕ ನೀರು ಬೇಡ ಎಂದನಂತೆ. ಇವಳು ನಮ್ಮ ರೂಢಿಯಂತೆ "ಸ್ವಲ್ಪ ಕುಡಿ ಅಜ್ಜ" ಎಂದು ಮತ್ತೆ ಮತ್ತೆ ಹೇಳಿದಳಂತೆ. ಮೇಲಿನ ನರ್ಸ್ ಕರೆದು ಕೂರಿಸಿ ತಿದ್ದಿದರಂತೆ. ರೋಗಿ ಬೇಡ ಎಂದರೆ ಬೇಡ, ಬರೆದಿಟ್ಟು ಸುಮ್ಮನಾಗು, ಮೇಲೆ ಬಿದ್ದು ಕೇಳುವುದು ಅವರ ಮಾತಿಗೆ ಮಾಡುವ ಅವಮಾನ. "ಇಲ್ಲಿ ಬೇಡ ಅಂದ್ರೆ ಬೇಡವೇ ಅಂತೆ. ಪ್ರಾಕ್ಟಿಕಲ್ ಪರೀಕ್ಷೇಲೂ ಅದಕ್ಕೆ ಮಾರ್ಕ್ಸ್ ಇದ್ದು" ಎಂದಳು. ಕ್ರಮೇಣ ಅದರಲ್ಲಿ ಅವಳು ಪಾಸಾದಳು. ಮಾತು ಚುಟುಕಾಯಿತು. ಕೇಳಿದ್ದಕ್ಕೆ ಹೂಂ ಅಥವಾ ಊಹೂಂ. ನನಗೆ ಮೊದಮೊದಲು ಬೇಜಾರಾಯಿತು, ಆಮೇಲೆ ಅಭ್ಯಾಸವಾಯಿತು.

ಕೋರ್ಸ್ ಮುಗಿಯುವ ಹೊತ್ತಿಗೆ ಇಲ್ಲಿ ಡಾಕ್ಟರು ನರ್ಸಿಂಗ್ ಹೋಮಿನ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಿದ್ದರು. ಒಂದು ದಿನ ನನ್ನನ್ನು ಕರೆದು "ಅವಳು ವಾಪಸ್ ಬರೋ ಹಾಗಿದ್ರೆ ಮೇಲಿನ ಅಂತಸ್ತು ಪೂರಾ ಅವಳಿಗೇ. ಕೆಳಗಡೇದು ನಿಂಗೆ. ಇಬ್ರೂ ಸೇರಿ ನೋಡ್ಕೊಳ್ಳಿ" ಎಂದರು. ಅಂದಿನಿಂದ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಅವಳು ಹೋದ ಮೇಲೆ ಕೋಣೆಗೆ ಬೇರೆ ಯಾರನ್ನೂ ಸೇರಿಸಿಕೊಂಡಿರಲಿಲ್ಲ. ಅವಳು ಬರಬೇಕು. ಬಂದರೆ ಸಾಕು. ನನಗೆ ಬೇಕಾದದ್ದು ಅದೊಂದೇ ಆಗಿತ್ತು. ಡಾಕ್ಟರ ಮಾತನ್ನು ಅವಳಿಗೆ ಮುಟ್ಟಿಸಿದೆ, ಆದರೆ ಪೇಪರ್ ಓದಿ ಹೇಳುವವರ ಹಾಗೆ ಹೇಳಿದೆ, ನನ್ನ ಆಸೆಯನ್ನು ಸೇರಿಸಲಿಲ್ಲ.

ಮುಂದಿನ ಭಾನುವಾರ ಫೋನ್ ಬಂತು.

"ಕೋರ್ಸ್ ಮುಗೀತು" ಎಂದಳು. "ಈಗ ಕೆಲವು ತಿಂಗಳು ಪರ್ಮಿಟ್ ಇದ್ದು. ಆ ಮುದುಕರ ಆಸ್ಪತ್ರೇಲಿ ಕೆಲಸ ರೆಡಿ ಇದ್ದು. ಸೇರಿದ್ರೆ ವರ್ಕ್ ಪರ್ಮಿಟ್, ಆಮೇಲೆ ಇಲ್ಲೇ ಖಾಯಂ. ಇಲ್ಲದಿದ್ರೆ ಇನ್ನೊಂದು ಕೋರ್ಸ್ ಮಾಡಿ ದೊಡ್ಡ ಊರಿಗೆ ಹೋಪ್ಲಕ್ಕು. ಇಲ್ಲದಿದ್ರೆ ಡಾಕ್ಟರು ಹೇಳಿದ್ದು. ಇಲ್ಲಿ ಬಹಳ ಚಳಿ ಮಾರಾಯ್ತಿ. ಮಾತಾಡೂಕೆ ಜನ ಇಲ್ಲೆ. ನಾ ಬಂದ್ಬಿಡ್ಲಾ?"

ಕೈಯಲ್ಲಿದ್ದ ಒದ್ದೆ ಯೂನಿಫಾರಂ ಹಾಗೇ ಹಿಂಡಿಬಿಟ್ಟೆ. ಬಾಯಿ ಮಾತ್ರ ತನ್ನ ಪಾಡಿಗೆ ತಾನು, ಅಮ್ಮನ ಬಾಯಿಯ ಹಾಗೆ, ಅಜ್ಜಿಯ ಬಾಯಿಯ ಹಾಗೆ ಹೇಳಿತು:

"ಛೆ, ಬೇಡ. ಇಲ್ಲಿ ಬಂದು ಏನ್ ಮಾಡ್ತೀಯ? ಅಷ್ಟು ಕಷ್ಟಪಟ್ಟು ಓದಿದೀಯ. ಅಲ್ಲೇ ಇರು."

ಹೇಳಿ ಕಾದೆ. ಇನ್ನು ಅವಳು "ಇಲ್ಲೆ, ನಾ ಬತ್ತೆ" ಎನ್ನಬೇಕು. ನಾನು "ಸುಮ್ನೆ ಯಾಕೆ" ಎನ್ನಬೇಕು. ಅವಳು ಮತ್ತೆ ಹಟ ಮಾಡಬೇಕು. ಆಗ ನಾನು ನಗುತ್ತಾ ಸೋಲಬೇಕು.

"ನಿಜವಾಗ್ಲೂ ಹೇಳ್ತಿದ್ಯಾ?" ಎನ್ನಲೂ ಇಲ್ಲ ಅವಳು. ಒಂದು ಉಸಿರು ಕೇಳಿತು. "ಹಂಗಾರೆ ಸರಿ" ಎಂದಳು. ಆಮೇಲೆ ಟೈಲರ್ ಹೆಂಡತಿಗೆ ಹೆರಿಗೆ ಆಯಿತಾ ಎಂದು ಕೇಳಿದಳು. ಆಗಿದೆ, ಗಂಡು ಎಂದೆ.

ಮರು ವಾರ ಫೋನ್ ಮಾಡಿದಾಗ ಕೆಲಸಕ್ಕೆ ಸಹಿ ಹಾಕಿ ಆಗಿತ್ತು. ದನಿಯಲ್ಲಿ ಹಗುರ ಇತ್ತು. ಚಿಕ್ಕ ಊರು, ಒಳ್ಳೆಯ ಜನ, ಕಿಟಕಿಯಿಂದ ಗುಡ್ಡ ಕಾಣುತ್ತದೆ ಎಂದಳು. ನಾನು ಒಳ್ಳೆಯದಾಯಿತು ಎಂದೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿ, ಎರಡು ಅಂತಸ್ತನ್ನೂ ನೀನೇ ನೋಡಿಕೋ ಎಂದರು. ಇವತ್ತಿಗೂ ನೋಡಿಕೊಳ್ಳುತ್ತಿದ್ದೇನೆ.

ಅವಳು ಅಲ್ಲೇ ಖಾಯಂ ಆದಳು, ಅಲ್ಲೇ ಮದುವೆಯಾಯಿತು, ಮಕ್ಕಳಾದವು. ಚೆನ್ನಾಗಿದ್ದಾಳೆ. ಅದರಲ್ಲಿ ನನಗೆ ಎರಡು ಮಾತಿಲ್ಲ. ಈಗಲೂ ಫೋನಿನಲ್ಲಿ ಮುಖ ನೋಡಿ ಮಾತಾಡುತ್ತೇವೆ. ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ನನ್ನನ್ನು ತೋರಿಸಿ, "ಅವತ್ತು ಇವಳು ಬೇಡ ಅನ್ನದೇ ಇದ್ದಿದ್ರೆ ನಾ ಬಂದ್ಬಿಡ್ತಿದ್ದೆ. ಇವಳ ಮಾತು ಕೇಳಿದ್ದಕ್ಕೆ ನಾವೆಲ್ಲ ಇಲ್ಲಿದ್ದು" ಎನ್ನುತ್ತಾಳೆ. ಮಕ್ಕಳು ಅವರ ಇಂಗ್ಲಿಷಿನಲ್ಲಿ ನನಗೆ ಥ್ಯಾಂಕ್ಯೂ ಹೇಳುತ್ತವೆ. ನಾನು ಇರಲಿ ಇರಲಿ ಎನ್ನುತ್ತೇನೆ. ಅವಳು ಇನ್ನೊಂದೇ ಒಂದು ಸಲ ಕೇಳಿದ್ದರೆ ಬಾ ಎನ್ನುತ್ತಿದ್ದೆ.